ಅಂಕಿ ಒಪ್ಪಿಸದೆ ಇಳಿಯುವಂತಿಲ್ಲ

ಬೆಳಗಿನ ಐದೂಮುಕ್ಕಾಲು. ಪುಟ್ಟ ವಿಮಾನ ನಿಲ್ದಾಣದ ಮೇಲೆ ಜಿನುಗು ಮಳೆ. ಹವಾಮಾನ ಕೊಠಡಿಯ ಮೆಟ್ಟಿಲ ಮೇಲೆ ಐವತ್ತೆರಡರ ಹೆಂಗಸೊಬ್ಬರು ರೈನ್‌ಕೋಟಿನ ಟೊಪ್ಪಿ ಹಿಂದೆ ಸರಿಸಿ, ಕಣ್ಣು ಕಿರಿದು ಮಾಡಿ ನೋಡುತ್ತಿದ್ದಾರೆ. ಎಂಟುನೂರು ಮೀಟರ್ ದೂರದ ನೀರಿನ ಟ್ಯಾಂಕು ಕಾಣುತ್ತಿದೆ. ಅದರಾಚೆಯ ಇಟ್ಟಿಗೆ ಗೂಡಿನ ಚಿಮಣಿ ನಾಪತ್ತೆ. ಒಳಗೆ ಬಂದು ಗಾಳಿಯ ಒತ್ತಡ ಅಳೆದು, ಅಂಕಿಯನ್ನು ಚೀಟಿಯಲ್ಲಿ ಬರೆದು, ಪಕ್ಕದ ರೇಡಿಯೊ ಕೋಣೆಗೆ ಕೊಡುತ್ತಾರೆ. ಕೊಟ್ಟ ಮೇಲೆ ಅಲ್ಲೇ ಬಾಗಿಲಿಗೆ ಒರಗಿ ನಿಲ್ಲುತ್ತಾರೆ. ಆಕಾಶದಲ್ಲಿರುವ ಪೈಲಟ್ ಆ ಅಂಕಿಯನ್ನು ತಿರುಗಿ ಹೇಳುವವರೆಗೆ ಜಪ್ಪಯ್ಯ ಅಂದರೂ ಕದಲುವುದಿಲ್ಲ.

ಪೈಲಟ್‌ಗಳು ಇವರಿಗೆ ಇಟ್ಟಿರುವ ಹೆಸರು 'ಮಗ್ಗಿ ಮೇಡಂ'. ಇಪ್ಪತ್ತಾರು ವರ್ಷಗಳ ನೌಕರಿ, ದಿನಕ್ಕೆ ಹದಿನಾಲ್ಕು ಬಾರಿ ಅಳತೆ. "ಮನೇಲೂ ಇದೇ ಗೋಳು. ಅಂಗಡಿಗೆ ಹೊರಟ್ರೆ ಏನೇನು ತರಬೇಕು ಅಂತ ಒಪ್ಪಿಸಿಯೇ ಚಪ್ಪಲಿ ಹಾಕ್ಕೋಬೇಕು" ಎಂದು ಬಸ್ ಚಾಲಕರಾದ ಗಂಡ ನಗುತ್ತಾರೆ.

ಆ ಹಟಕ್ಕೆ ಕಾರಣವಿದೆ. ಮೋಡ ಕವಿದಾಗ ಪೈಲಟ್‌ಗೆ ನೆಲ ಕಾಣದು, ಉಪಕರಣಗಳನ್ನು ನಂಬಿ ಇಳಿಯಬೇಕು. ಎತ್ತರ ತೋರಿಸುವ ಮುಳ್ಳಿಗೆ ಇಳಿಯುವ ಜಾಗದ ಒತ್ತಡದ ಅಂಕಿ ಕೂರಿಸದಿದ್ದರೆ ಅದು ಹಸಿ ಸುಳ್ಳು ಹೇಳುತ್ತದೆ. ಅಂಕಿಯಲ್ಲಿ ಒಂದು ಹೆಚ್ಚುಕಡಿಮೆಯಾದರೆ ಸುಮಾರು ಇಪ್ಪತ್ತೆಂಟು ಅಡಿ ವ್ಯತ್ಯಾಸ. ತಿರುಗಿ ಹೇಳಬೇಕೆಂಬ ನಿಯಮವೇನೋ ಇದೆ. ಗಡಿಬಿಡಿಯಲ್ಲಿ 'ಗೊತ್ತಾಯ್ತು' ಎಂದು ತೇಲಿಸಿಬಿಡುವವರೇ ಹೆಚ್ಚು.

ಒಂಬತ್ತು ವರ್ಷಗಳ ಹಿಂದೆ ಒಬ್ಬ ಪೈಲಟ್ ಹಾಗೆಯೇ ಅಂದಿದ್ದರು. ರನ್‌ವೇಗೆ ಎರಡು ಕಿಲೋಮೀಟರ್ ಮೊದಲಿರುವ ದಿಬ್ಬಕ್ಕೆ ಅವರ ವಿಮಾನ ಬಡಿಯಿತು. ಅವರು ಉಳಿಯಲಿಲ್ಲ.

"ನಿಂದೇನೂ ತಪ್ಪಿಲ್ಲಮ್ಮ ಅಂದ್ರು ಎಲ್ರೂ. ಸರಿಯಾದ ಅಂಕಿ ನನ್ನ ಚೀಟೀಲಿ ಇದ್ದು ಏನು ಬಂತು? ಅವರ ಮುಳ್ಳಲ್ಲಿ ಇರಬೇಕಿತ್ತು" ಎನ್ನುತ್ತಾರೆ ಮೇಡಂ. ಅಂದಿನಿಂದಲೇ ಈ ಬಾಗಿಲ ಕಾವಲು ಶುರುವಾಗಿದ್ದು.

ಕಳೆದ ತಿಂಗಳು ಇಂಥದ್ದೇ ಒಂದು ಬೆಳಿಗ್ಗೆ ಐವರನ್ನು ಹೊತ್ತ ಸಣ್ಣ ವಿಮಾನವೊಂದು ಬಂತು. ಮೋಡ ನೆಲದಿಂದ ಬರೀ ನಾನೂರು ಅಡಿಯಲ್ಲಿತ್ತು. ಸಾವಿರದ ಮೂರು ಎಂದು ಅಂಕಿ ಕೊಟ್ಟಾಯಿತು. "ಗೊತ್ತಾಯ್ತು, ಇಳೀತಿದ್ದೀನಿ" ಎಂದರು ಪೈಲಟ್.

"ಅಂಕಿ ಹೇಳಿಸಪ್ಪ" ಎಂದರು ಬಾಗಿಲಲ್ಲಿದ್ದ ಮೇಡಂ.

"ಅಕ್ಕಾ, ಅವರು ಆಗಲೇ ಇಳೀತಿದಾರೆ. ಈಗ್ಯಾಕೆ ತಲೆ ತಿನ್ನೋದು?" ಎಂದರು ರೇಡಿಯೊದವರು.

"ಈಗ್ಲೇ ಬೇಕು. ಮುಳ್ಳಲ್ಲಿ ಏನಿದೆ, ನೋಡಿ ಓದೋಕೆ ಹೇಳು."

ಪೈಲಟ್ ಸಿಡುಕಿಕೊಂಡೇ ನೋಡಿ ಓದಿದರು: ಸಾವಿರದ ಹದಿಮೂರು. ಹೊರಟ ಊರಿನ ಅಂಕಿ ಹಾಗೇ ಉಳಿದುಬಿಟ್ಟಿತ್ತು. ಮುಳ್ಳು ತೋರಿಸುತ್ತಿದ್ದುದಕ್ಕಿಂತ ವಿಮಾನ ಇನ್ನೂರೆಂಬತ್ತು ಅಡಿ ಕೆಳಗಿತ್ತು, ಎದುರಿಗೆ ಅದೇ ದಿಬ್ಬ. "ಮೇಲೆ ಹೋಗಿ, ತಕ್ಷಣ ಮೇಲೆ ಹೋಗಿ" ಎಂದು ರೇಡಿಯೊದವರು ಕೂಗಿದರು. ಮೋಡದೊಳಗೆ ಎಂಜಿನ್ ಅಬ್ಬರಿಸುತ್ತಾ ಮೇಲೇರಿತು.

ಅಂಕಿ ಸರಿಪಡಿಸಿಕೊಂಡು ಎರಡನೇ ಸಲ ಬಂದ ವಿಮಾನ ಹೂವಿನ ಹಾಗೆ ಇಳಿಯಿತು. ಪೈಲಟ್ ನೇರ ಹವಾಮಾನ ಕೊಠಡಿಗೆ ಬಂದರು. ಏನೇನೋ ಹೇಳಲು ಹೋಗಿ, ಕೊನೆಗೆ "ಸಾವಿರದ ಮೂರು ಮೇಡಂ" ಎಂದಷ್ಟೇ ಒಪ್ಪಿಸಿದರಂತೆ. ಬರೆದುಕೊಳ್ಳುತ್ತಿದ್ದ ನನಗೆ ಕಣ್ಣು ತುಂಬಿತು, ಮುಚ್ಚಿಡುವುದೇಕೆ.

ಈಗ ಕಚೇರಿಯಿಂದ ಲಿಖಿತ ಆದೇಶವೇ ಬಂದಿದೆ. ಅಂಕಿ ಒಪ್ಪಿಸದವರಿಗೆ ಇಲ್ಲಿ ಇಳಿಯಲು ಅನುಮತಿಯಿಲ್ಲ. 'ನಿಮ್ಮ ಕಾಟ ಸಾಕಾಗಿದೆ ಮೇಡಂ' ಎಂದು ಕೋಣೆಗೇ ಬಂದು ರೇಗುವ ಪೈಲಟ್‌ಗಳು ಮಾತ್ರ ಇನ್ನೂ ಇದ್ದಾರೆ. ಬೇಜಾರಾಗುವುದಿಲ್ಲವೇ ಎಂದು ಕೇಳಿದೆ.

"ಬೇಜಾರ್ಯಾಕೆ? ಇಳಿದು ಬಂದು, ನನ್ನೆದುರು ನಿಂತು ಬೈದ್ರೆ, ಅವತ್ತು ನಾನು ಗೆದ್ದೆ ಅಂತಾನೇ ಲೆಕ್ಕ."