ತಳದಲ್ಲಿ ತಾರೀಕಿಲ್ಲದ ಡಬ್ಬಿ

ನಮ್ಮ ಕನ್ನಡಕದ ಅಂಗಡಿಯಲ್ಲಿ ಕಾಂಟ್ಯಾಕ್ಟ್ ಲೆನ್ಸ್ ಬೇಕೆಂದರೆ ಮೊದಲು ಬೈಸಿಕೊಳ್ಳಬೇಕು. ಬೈಯುವವಳು ಡಬ್ಬಿಯಕ್ಕ. ಇಪ್ಪತ್ತೆರಡು ವರ್ಷದಿಂದ ಮುಂದಿನ ಮೇಜು ಅವಳದು. ಹಿಂದಿನ ಕೋಣೆಯಲ್ಲಿ ಕನ್ನಡಕದ ಗಾಜು ಉಜ್ಜುವ ನನಗೆ ಅವಳ ಗಂಟಲೇ ರೇಡಿಯೊ. ಹಳೆ ಗಿರಾಕಿ ಬಾಗಿಲು ದೂಡಿದ ಕೂಡಲೇ ಕೈ ಚಾಚುತ್ತಾಳೆ.

"ಲೆನ್ಸ್ ಆಮೇಲೆ. ಡಬ್ಬಿ ತೆಗೀರಿ."

ಲೆನ್ಸ್ ನೆನೆಹಾಕುವ ಬೆರಳುದ್ದದ ಪ್ಲಾಸ್ಟಿಕ್ ಡಬ್ಬಿ ಅದು. ಎರಡು ಗುಳಿ, ಎರಡು ತಿರುಪಿನ ಮುಚ್ಚಳ. ಕೊಡುವಾಗಲೇ ಅಕ್ಕ ತಳದಲ್ಲಿ ತಾರೀಕು ಬರೆದಿರುತ್ತಾಳೆ. ಮೂರು ತಿಂಗಳು ದಾಟಿದ್ದರೆ ಗಿರಾಕಿಯ ಕಣ್ಣೆದುರೇ ಕಸದ ಬುಟ್ಟಿಗೆ. ಒಮ್ಮೆ ಒಬ್ಬ ಮೇಷ್ಟ್ರು, ದಿನಾ ನಲ್ಲಿ ನೀರಲ್ಲಿ ತೊಳೀತೀನಿ ಎಂದು ಹೆಮ್ಮೆಯಿಂದ ಹೇಳಿ ಸಿಕ್ಕಿಬಿದ್ದರು.

"ನಲ್ಲಿ ನೀರು ಸೋಕಿಸಲೇಬಾರದು ಮೇಷ್ಟ್ರೇ. ಹಳೇ ದ್ರಾವಣ ಪೂರ್ತಿ ಚೆಲ್ಲಿ. ಹೊಸದು ಹಾಕಿ ಬೆರಳಿಂದ ಉಜ್ಜಿ, ಒರೆಸಿ, ಮುಚ್ಚಳ ತೆಗೆದು ಬೋರಲು ಹಾಕಿ. ಮಕ್ಕಳಿಗೆ ಪಾಠ ಹೇಳೋರಿಗೆ ಇಷ್ಟೂ ಗೊತ್ತಿಲ್ವಾ?"

ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸಿದ ಹುಡುಗನ ಮುಖ ಮಾಡಿಕೊಂಡು ಹೊಸ ಡಬ್ಬಿ ಒಯ್ದರು.

ಮಾಲೀಕರಿಗೂ ರಿಯಾಯಿತಿಯಿಲ್ಲ. ಅವರು ಕಪ್ಪೆ ಮುಖದ ಚಂದದ ಡಬ್ಬಿಗಳನ್ನು ಪೆಟ್ಟಿಗೆಗಟ್ಟಲೆ ತರಿಸಿದ್ದರು. ಅಕ್ಕ ಒಂದಕ್ಕೆ ನೀರು ತುಂಬಿ, ಮುಚ್ಚಳ ಬಿಗಿಯಾಗಿ ತಿರುಗಿಸಿ, ಅವರ ಅಂಗಿ ಜೇಬಿನ ಮೇಲೆಯೇ ಬೋರಲು ಹಿಡಿದಳು. ಜೇಬು ಒದ್ದೆಯಾಯಿತು. "ಚಂದ ಯಾರಿಗೆ ಬೇಕು ಮಾಲೀಕರೇ? ಮುಚ್ಚಳ ಕೂರಬೇಕು" ಎಂದಳು. ಮಾಲೀಕರು ಕೆಂಡಾಮಂಡಲವಾದರು, ಆದರೆ ಕಪ್ಪೆಗಳು ಮರುದಿನವೇ ವಾಪಸ್ ಹೋದವು.

ಇಂಥ ಅಕ್ಕನ ತಂಗಿ ಒಂದು ಮಂಗಳವಾರ ಬೆಳಿಗ್ಗೆ ಬಲಗಣ್ಣಿಗೆ ಕರವಸ್ತ್ರ ಒತ್ತಿಕೊಂಡು ಅಂಗಡಿಗೆ ಬಂದಳು. ತಂಗಿಯದು ಗಡಿಯಾರ ರಿಪೇರಿ. ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಎಳ್ಳಿಗಿಂತ ಸಣ್ಣ ತಿರುಪು ಕೂರಿಸುವವಳು. ಕನ್ನಡಕ ಅಡ್ಡ ಬರುತ್ತದೆಂದು ಅವಳಿಗೆ ಲೆನ್ಸ್ ಹಾಕಿಸಿದ್ದೂ ಅಕ್ಕನೇ. ಆ ಕಣ್ಣು ಹೋದರೆ ಅವಳ ಕಸುಬೇ ಹೋದಂತೆ.

ಆಸ್ಪತ್ರೆಗೆ ನಾನೂ ಹೋದೆ. ಡಾಕ್ಟರು ಕಣ್ಣು ನೋಡಿ, ಕರಿಗುಡ್ಡೆಯ ಮೇಲೆ ಹುಣ್ಣಾಗಿದೆ, ಡಬ್ಬಿಯಲ್ಲೇ ಸೋಂಕು ಬೆಳೆದಿರಬೇಕು, ತೋರಿಸಿ ಎಂದರು. ಅಕ್ಕ ತಂಗಿಯ ಚೀಲದಿಂದ ಡಬ್ಬಿ ತೆಗೆದು ರೂಢಿಯಂತೆ ತಿರುಗಿಸಿದಳು. ತಳದಲ್ಲಿ ಏನೂ ಬರೆದಿರಲಿಲ್ಲ.

"ಎಲ್ಲಿ ತಗೊಂಡೆ ಇದನ್ನ?"

"ನೀನೇ ಕೊಟ್ಟಿದ್ದು. ಹೋದ ವರ್ಷ."

"ತಾರೀಕು?"

"ಮನೆಯವರಿಗೆ ಅದೆಲ್ಲ ಯಾಕೆ ಅಂತ ನೀನೇ ಅಂದಿದ್ದೆ."

ಅಕ್ಕನ ದನಿ ಏರಿತು. "ದ್ರಾವಣನಾದ್ರೂ ದಿನಾ ಬದಲಾಯಿಸ್ತಿದ್ಯೋ ಇಲ್ವೋ?"

"ಕಡಿಮೆ ಆದಾಗ ಮೇಲಿಂದ ಸುರೀತಿದ್ದೆ. ಹಾಗೆ ಮಾಡಬಾರದು ಅಂತ ನೀನು ಹೇಳಲಿಲ್ಲ."

"ಊರಿಗೆಲ್ಲ ಹೇಳ್ತೀನಲ್ಲೇ."

"ಊರಿಗೆ ಹೇಳಿದೆ" ಎಂದಳು ತಂಗಿ.

ನನಗೆ ಮೈಯೆಲ್ಲ ಉರಿದುಹೋಯಿತು. ಇಬ್ಬರೂ ಇರುವುದು ಒಂದೇ ಮನೆಯಲ್ಲಿ, ತಲೆ ಬಾಚುವುದು ಒಂದೇ ಕನ್ನಡಿಯ ಮುಂದೆ. ಆ ಕನ್ನಡಿಯ ಕೆಳಗಿನ ಹಲಗೆಯ ಮೇಲೆ ಈ ಡಬ್ಬಿ ವರ್ಷಪೂರ್ತಿ ಕೂತಿತ್ತು. "ಕಪ್ಪೆ ಡಬ್ಬಿ ವಾಪಸ್ ಕಳಿಸೋಕೆ ಪುರುಸೊತ್ತಿತ್ತು. ಮನೇಲಿರೋ ಒಂದನ್ನ ತಿರುಗಿಸಿ ನೋಡೋಕೆ ಇರಲಿಲ್ಲ" ಎಂದುಬಿಟ್ಟೆ. ಆಡಿದ್ದಕ್ಕೆ ನನಗೆ ಈಗಲೂ ಪಶ್ಚಾತ್ತಾಪವಿಲ್ಲ.

ಹುಣ್ಣು ಮಾಯಿತು, ಕಲೆ ಉಳಿಯಿತು. ಬಲಗಣ್ಣಿಗೆ ಈಗ ಗೋಡೆ ಗಡಿಯಾರದ ಮುಳ್ಳೂ ಮಸುಕು. ತಂಗಿ ಭೂತಗನ್ನಡಿಯನ್ನು ಎಡಗಣ್ಣಿಗೆ ಬದಲಾಯಿಸಿಕೊಂಡು, ಮೊದಲ ದಿನದಿಂದ ಕಲಿಯುವವರಂತೆ ತಿರುಪು ಬೀಳಿಸಿಕೊಂಡು ಹುಡುಕುತ್ತಿದ್ದಾಳೆ.

ಎರಡು ತಿಂಗಳ ಮೇಲೆ ಅವಳು ಅಂಗಡಿಗೆ ಬಂದು ಸಾಲಿನಲ್ಲಿ ನಿಂತಳು. ಅಕ್ಕ "ಒಳಗೆ ಬಾರೇ" ಎಂದರೂ ಬರಲಿಲ್ಲ. ತನ್ನ ಸರದಿ ಬಂದಾಗ ಚೀಲದಿಂದ ಹೊಸ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು.

"ನೋಡು."

ಅಕ್ಕ ತಿರುಗಿಸಿದಳು. ತಳದಲ್ಲಿ ತಂಗಿಯದೇ ಕೈಬರಹದ ತಾರೀಕು, ಅಂಕಿಗಳು ಜಾರಿ ಅಂಚಿಗೆ ಹೋಗಿದ್ದವು. ಮುಚ್ಚಳ ತೆಗೆದಳು. ಎಡಗಡೆಯ ಗುಳಿಯಲ್ಲಿ ತಿಳಿಯಾದ ದ್ರಾವಣ. ಬಲಗಣ್ಣಿಗೆ ಈಗ ಲೆನ್ಸ್ ಇಲ್ಲದ್ದರಿಂದ ಬಲಗಡೆಯದು ಒಮ್ಮೆಯೂ ಬಳಸದೆ ಒಣಗಿತ್ತು.

"ಸರಿಯಾಗೇ ಇದೆ" ಎಂದಳು ಅಕ್ಕ.

"ಹಾಗಲ್ಲ. ಎಲ್ಲರನ್ನೂ ಬೈಯೋ ಹಾಗೆ ನನ್ನನ್ನೂ ಬೈ. ಅದಕ್ಕೇ ಸಾಲಲ್ಲಿ ನಿಂತಿದ್ದು."

ನಾನು ಗಾಜು ಉಜ್ಜುವ ಯಂತ್ರ ನಿಲ್ಲಿಸಿ ಕಿವಿಗೊಟ್ಟೆ. ಇಪ್ಪತ್ತೆರಡು ವರ್ಷ ಕೇಳಿದ ಆ ಗಂಟಲಿನಿಂದ ಅಂದು ಒಂದು ಮಾತೂ ಹೊರಡಲಿಲ್ಲ.