ಹನ್ನೊಂದು ತಿಂಗಳ ಒಡತಿ

ಅಪ್ಪ ತೀರಿಕೊಂಡ ಮರುವರ್ಷ ಕಾರವಾರದ ಮನೆಯನ್ನು ಅಮ್ಮನ ಹೆಸರಿಗೆ ಮಾಡಿಸುವ ಕೆಲಸ ನನ್ನ ಪಾಲಿಗೆ ಬಂತು. ಮಲ್ಲಾಪುರದ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದ ನಾನು ನಾಲ್ಕು ದಿನ ರಜೆ ಹಾಕಿ ಬಂದೆ.

ಅಪ್ಪನ ಕಬ್ಬಿಣದ ಟ್ರಂಕನ್ನು ಅವರಿದ್ದಾಗ ನಾವ್ಯಾರೂ ತೆರೆದವರಲ್ಲ. ಹುಬ್ಬಳ್ಳಿಗೆ ಹೋಗಿ ನೆಲೆಸಿದ ಮಾಸ್ತರರೊಬ್ಬರಿಂದ ಕೊಂಡ ಮನೆ ಇದು ಎಂದೇ ಅವರು ಎಲ್ಲರಿಗೂ ಹೇಳುತ್ತಿದ್ದರು. ಆದರೆ ಟ್ರಂಕಿನಲ್ಲಿ ಸಿಕ್ಕ ಖರೀದಿ ಪತ್ರದಲ್ಲಿ ಮಾಸ್ತರರ ಹೆಸರಿರಲಿಲ್ಲ. ಬರೆದುಕೊಟ್ಟವರು ಬೈತಖೋಲದ ಒಬ್ಬ ಹೆಂಗಸು. ಕಸುಬು ಮೀನು ವ್ಯಾಪಾರ. ಸಹಿಯ ಜಾಗದಲ್ಲಿ ಹೆಬ್ಬೆಟ್ಟಿನ ಗುರುತು.

ನಗರಸಭೆಯ ಗುಮಾಸ್ತರು ಪತ್ರ ತಿರುವಿ ನೋಡಿ, “ಇದ್ರ ಹಿಂದಿನ ಪತ್ರವೂ ಬೇಕಾಗ್ತದೆ ಮೇಡಂ,” ಅಂದರು. ಸಬ್ ರಜಿಸ್ಟ್ರಾರ್ ಆಫೀಸಿನಲ್ಲಿ ಅರ್ಜಿ ಕೊಟ್ಟು, ಎರಡು ದಿನ ಬೆಂಚಿನ ಮೇಲೆ ಕಾದು ನಕಲು ಪಡೆದೆ. ಮಾಸ್ತರರು ಮನೆ ಮಾರಿದ್ದು ಆ ಹೆಂಗಸಿಗೆ. ಆಕೆ ಅಪ್ಪನಿಗೆ ಮಾರಿದ್ದು ಹನ್ನೊಂದು ತಿಂಗಳ ನಂತರ. ಕಚೇರಿಯ ಮಟ್ಟಿಗೆ ಅಷ್ಟು ಸಾಕಿತ್ತು.

ಮನೆಗೆ ಬಂದು ಅಮ್ಮನನ್ನು ಕೇಳಿದೆ. ಅವಳು ಕಾಯಿ ತುರಿಯುತ್ತಿದ್ದಳು. “ಅದೆಲ್ಲ ಈಗ ಎಂತಕ್ಕೆ? ಕಾಗದ ಸಿಕ್ತಲ್ಲ,” ಅಂದಳು. ತುರಿಮಣೆಯ ಮೇಲೆ ಕೈ ನಿಂತದ್ದನ್ನು ನಾನು ನೋಡಿದೆ. ಅವಳಿಗೆ ಗೊತ್ತಿದೆ, ಹೇಳುವುದಿಲ್ಲ.

ಮಾರನೆಯ ದಿನ ಬೈತಖೋಲಕ್ಕೆ ಹೋದೆ. ಬಂದರಿನಲ್ಲಿ ಹರಾಜು ಮುಗಿದಿತ್ತು. ಬುಟ್ಟಿ ತೊಳೆಯುತ್ತಿದ್ದ ಹೆಂಗಸರಲ್ಲಿ ಹೆಸರು ಹೇಳಿ ಕೇಳಿದರೆ, ಒಬ್ಬಾಕೆ ಸೆರಗಿಗೆ ಕೈ ಒರೆಸಿಕೊಂಡು, “ನಮ್ಮ ಆಯಿ ಅದು,” ಎನ್ನುತ್ತ ಎದ್ದು ಬಂದಳು. ಮಗಳು, ಐವತ್ತರ ಹತ್ತಿರದವಳು. ಗುಡ್ಡದ ಬುಡದಲ್ಲಿ ಅವರ ಮನೆ. ಮುದುಕಿ ಜಗಲಿಯಲ್ಲಿ ಕೂತು ಒಣ ಸಿಗಡಿ ಆರಿಸುತ್ತಿದ್ದರು. ಯಾವ ಮನೆ, ಯಾರ ಮಗಳು ಎಂದು ಹೇಳಿಕೊಂಡೆ. ಬೈಗುಳಕ್ಕೂ ಸಿದ್ಧಳಾಗಿ ಹೋಗಿದ್ದೆ. ಅವರು ಪಕ್ಕದ ಜಾಗವನ್ನು ಕೈಯಿಂದ ಸವರಿ, “ಕೂತ್ಕೋ ತಂಗಿ,” ಅಂದರು.

ಗಂಡ ಸಮುದ್ರದ ಪಾಲಾದ ಮೇಲೆ ಮೈಮೇಲಿದ್ದ ಬಂಗಾರ ಮಾರಿ ಆ ಮನೆ ಕೊಂಡಿದ್ದರಂತೆ. ಶಾಲೆ ಹತ್ತಿರ, ಮಗಳು ಓದಲಿ ಎಂದು. ಆ ಓಣಿ ಅವರಿಗೆ ಹೊಸದಲ್ಲ. ಎಂಟು ವರ್ಷ ಅಲ್ಲಿನ ಪ್ರತಿ ಬಾಗಿಲಲ್ಲೂ ಬುಟ್ಟಿ ಇಳಿಸಿ ಮೀನು ಕೊಟ್ಟವರು.

“ಯಾರಾದ್ರೂ ಏನಾದ್ರೂ ಅಂದ್ರಾ?” ಕೇಳಿದೆ.

“ಯಾರೂ ಏನೂ ಅನ್ಲಿಲ್ಲ. ಬಾವಿ ಗೊತ್ತದ್ಯಲ್ಲ, ನಮ್ಮ ಅಂಗಳದ್ದು? ಇಡೀ ಓಣಿ ಅದ್ರದ್ದೇ ನೀರು ಕುಡೀತಿತ್ತು. ನಾ ಬಂದ ಮಾರನೇ ದಿನದಿಂದ ಒಬ್ರೂ ಬರ್ಲಿಲ್ಲ. ಆಚೆ ಓಣಿಯಿಂದ ಹೊತ್ಕಂಡು ಬಂದ್ರು. ಮಗಳು ದಿನಾ ಬೆಳಿಗ್ಗೆ ಹಗ್ಗ, ಕೊಡಪಾನ ಬಾವಿಕಟ್ಟೆ ಮೇಲಿಟ್ಟು ಕಾಯ್ತಿತ್ತು, ಯಾರಾದ್ರೂ ಬರ್ತ್ರೇನೋ ಅಂತ.”

ಬಂದರಿನಿಂದ ನನ್ನನ್ನು ಕರೆತಂದಿದ್ದ ಆ ಮಗಳು ಚಹಾ ಲೋಟ ನನ್ನ ಮುಂದಿಟ್ಟು ಒಳಗೆ ಹೋದಳು.

ಅಪ್ಪನ ಬಗ್ಗೆ ನಾನೇ ಕೇಳಬೇಕಾಯಿತು. ಆಗ ಅಪ್ಪ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದರಂತೆ.

“ಒಳ್ಳೇ ಮಾತೇ ಆಡಿದ್ರು. ನಿಮ್ಮ ಹುಡ್ಗಿಗೆ ಇಲ್ಲಿ ಜೊತೆ ಇಲ್ಲ, ನಿಮ್ಮೋರ ನಡುವೆ ಇದ್ರೆ ಚಲೋ ಅಂದ್ರು. ಎರಡನೇ ಸಲ ಬಂದಾಗ, ಮನೆ ನಾನೇ ತಗೋತೆ ಅಂದ್ರು. ಕೊಟ್ಟೆ. ಮಗಳು ಶಾಲೆ ಬಿಡ್ತು.”

ಅದನ್ನು ದೂರಿನ ಹಾಗೆ ಹೇಳಲಿಲ್ಲ. ಆ ವರ್ಷ ಮಳೆ ಜೋರಿತ್ತು ಅನ್ನುವ ಹಾಗೆ ಹೇಳಿದರು. ಇನ್ನೊಬ್ಬರ ಮರದಿಂದ ಬಿದ್ದ ತೆಂಗಿನಕಾಯಿಯನ್ನೂ ಬೇಲಿ ದಾಟಿಸಿ ಕೊಟ್ಟು ಬರುತ್ತಿದ್ದ ಅಪ್ಪನನ್ನು ನಾನು ಕಂಡಿದ್ದೆ. ಆ ಅಪ್ಪ, ಈ ಅಪ್ಪ ಒಬ್ಬರೇ ಎಂಬುದನ್ನು ಅಲ್ಲಿ ಕೂತು ನುಂಗಿಕೊಳ್ಳಲು ನನಗೆ ಆಗಲಿಲ್ಲ. ಚಹಾ ಕುಡಿದೆ, ಎದ್ದೆ. ಅಮ್ಮ ಇದ್ದಾಳೆಯೇ ಎಂದು ಮುದುಕಿ ಕೇಳಿದರು. ಇದ್ದಾಳೆ ಅಂದೆ.

ಸಂಜೆ ಎಲ್ಲವನ್ನೂ ಅಮ್ಮನಿಗೆ ಹೇಳಿದೆ. “ಆಗ ನಿನ್ನಣ್ಣ ಹೊಟ್ಟೆಯಲ್ಲಿದ್ದ,” ಅಂದಳು. “ಮದುವೆಯಾಗಿ ಶೆಟಗೇರಿಯಿಂದ ಬಂದು ಒಂದು ವರ್ಷ ಆಗಿರ್ಲಿಲ್ಲ. ಆ ಹೊಟ್ಟೆ ಹೊತ್ಕಂಡು ಆಚೆ ಓಣಿಯಿಂದ ನೀರು ತರ್ತಿದ್ದೆ. ಒಂದಿನ ಆ ಹುಡ್ಗಿ ಬೇಲಿ ಹತ್ರ ಬಂದು, ಅಕ್ಕಾ, ನಮ್ಮ ಬಾವಿಯಲ್ಲಿ ನೀರು ತುಂಬಾ ಅದೆ, ನಾನೇ ಸೇದಿ ಕೊಡ್ತೆ ಅಂತು. ನಾ ಕೇಳದವಳ ಹಾಗೆ ಒಳಗೆ ಬಂದೆ.”

“ಅಪ್ಪ ಬೇಡ ಅಂದಿದ್ರಾ?”

“ಇಲ್ಲ. ನಾನು ಕೇಳಲೂ ಇಲ್ಲ.”

ಖಾತೆ ಬದಲಾಗಿ ಬಂತು. ಅಮ್ಮ ಆ ಕಾಗದವನ್ನು ಓದಲಿಲ್ಲ. ನವರಾತ್ರಿಯ ರಜೆಗೆ ನಾನು ಬಂದಾಗ, ಬೈತಖೋಲಕ್ಕೆ ಕರೆದುಕೊಂಡು ಹೋಗು ಎಂದಳು. ರಿಕ್ಷಾದಲ್ಲಿ ಹೋದೆವು. ಅಮ್ಮ ಒಂದು ಸೀರೆ ತಂದಿದ್ದಳು, ಚೀಲದಿಂದ ತೆಗೆಯಲೇ ಇಲ್ಲ. ಇಬ್ಬರು ಮುದುಕಿಯರೂ ಮೊಣಕಾಲು ನೋವಿನ ಬಗ್ಗೆ ಮಾತಾಡಿದರು. ಆ ವರ್ಷ ಬಂಗಡೆ ಕಡಿಮೆ ಎಂಬ ಮಾತು ಬಂತು. ಮಗಳು ಚಹಾ ತಂದಾಗ ಅಮ್ಮ ಅವಳ ಮುಖ ನೋಡಿ ಏನೋ ಹೇಳಲು ಬಾಯಿ ತೆರೆದಳು.

ಆಕೆ ಕಾದಳು. ಅಮ್ಮ, “ಸಕ್ಕರೆ ಸ್ವಲ್ಪ ಜಾಸ್ತಿ ಆಯ್ತು,” ಅಂದಳು.

“ಬೇರೆ ಮಾಡಿ ತರ್ತೆ, ಅಕ್ಕಾ.”

“ಬೇಡ, ಬೇಡ,” ಎಂದು ಅಮ್ಮ ಅದನ್ನೇ ಕುಡಿದು ಮುಗಿಸಿದಳು.

ಮುದುಕಿ ಮುಂದಿನ ಮಳೆಗಾಲದಲ್ಲಿ ತೀರಿಕೊಂಡರು. ನಮಗೆ ತಿಳಿದದ್ದು ಎಷ್ಟೋ ವಾರಗಳ ನಂತರ, ಮೀನು ತರುವವಳ ಬಾಯಿಂದ. ಅಮ್ಮ ಅವತ್ತು ಮೀನು ತೆಗೆದುಕೊಳ್ಳಲಿಲ್ಲ. ಬಂದವಳನ್ನು ಒಳಗೆ ಕರೆದು, ನಡುಮನೆಯಲ್ಲಿ ಕುರ್ಚಿ ಹಾಕಿ ಕೂರಿಸಿದಳು. ಏನೆಂದು ಅರ್ಥವಾಗದ ಆಕೆ ಕುರ್ಚಿಯ ಅಂಚಿನಲ್ಲಿ ಕೂತು, “ಬಾಯೋರೇ, ನಂಗೆ ಹೊತ್ತಾಗ್ತದೆ,” ಎನ್ನುತ್ತಲೇ ಇದ್ದಳು.