ಚೆಂಡುಹೂವಿನ ಹೊಲದ ಹುಡುಗಿ

ನಿನ್ನೆ ಚಾಮರಾಜನಗರದ ನಮ್ಮ ಬರವಣಿಗೆ ಕೂಟಕ್ಕೆ ಯಾರೋ ಒಂದು ಚೀಲ ಚೆಂಡುಹೂವು ತಂದಿದ್ದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಮನಸ್ಸಿನಲ್ಲಿ ನಾನು ಬಾಲ್ಯದ ಗುಂಡ್ಲುಪೇಟೆಯ ಮೇಷ್ಟ್ರ ಮನೆಯ ಜಗಲಿಯಲ್ಲಿದ್ದೆ.

ಅಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ಐದಾರು ಜನ ಬರೆಯಲು ಸೇರುತ್ತಿದ್ದರು. ಅವ್ವನ ಜೊತೆ ನಾನೂ ಹೋಗಿ ಬರೆಯುತ್ತಿದ್ದೆ. ಮೇಷ್ಟ್ರು ಚಾಪೆಯ ನಡುವೆ ಬೀಗವನ್ನೋ ಹಳೇ ಚಪ್ಪಲಿಯನ್ನೋ ಇಡುತ್ತಿದ್ದರು. ಹತ್ತು ನಿಮಿಷ ಯಾರೂ ಮಾತಾಡದೆ, ಪಕ್ಕದವರ ಹಾಳೆ ನೋಡದೆ ಅದರ ಬಗ್ಗೆ ಬರೆಯಬೇಕು.

ಒಂದು ವಾರ ಇಡಲು ಏನೂ ಸಿಗದೆ ಅವರು ಒಳಗಿನ ಟ್ರಂಕಿನಿಂದ ಪುಟ್ಟ ಕಾಲ್ಗೆಜ್ಜೆ ತಂದಿಟ್ಟರು. ಬರೆದಾದ ಮೇಲೆ ಅವ್ವ ಮೊದಲು ಓದಿದಳು: ಚೆಂಡುಹೂವಿನ ಹೊಲದಲ್ಲಿ ಕಣ್ಣಾಮುಚ್ಚಾಲೆಗೆ ಬಚ್ಚಿಟ್ಟುಕೊಂಡ ಹುಡುಗಿಯ ಕತೆ. ಟೈಲರ್ ಮಾದಪ್ಪಣ್ಣ ಓದಿದ್ದೂ ಅದೇ ಹೊಲ, ಅದೇ ಹುಡುಗಿ. ಮೂರನೆಯವರು ಓದದೆ ಹಾಳೆ ಮಡಚಿಬಿಟ್ಟರು.

"ಎಲ್ರೂ ಮೊದ್ಲೇ ಮಾತಾಡ್ಕಂಡಿದ್ರಾ?" ಎಂದರು ಮೇಷ್ಟ್ರು.

ಅವರ ಹೆಂಡತಿ ಒಳಗಿನಿಂದ ಬಂದು ಗೆಜ್ಜೆಯನ್ನು ಸೆರಗಿಗೆ ಕಟ್ಟಿಕೊಂಡರು. "ಸಾಕು ಬುಡಿ. ನನ್ ಮಗೀನ ಇಂಗೆಲ್ಲ ಕೂಗ್ಬ್ಯಾಡಿ."

ಆ ಮನೆಯಲ್ಲಿ ಹಿಂದೆ ಮಗುವೊಂದಿತ್ತೆಂದೇ ನಮಗ್ಯಾರಿಗೂ ಗೊತ್ತಿರಲಿಲ್ಲ. ಕೂಟ ಅಂದಿಗೇ ನಿಂತಿತು. ನನ್ನ ಹಾಳೆಯಲ್ಲಿ ಏನಿದೆಯೆಂದು ಯಾರೂ ಕೇಳಲಿಲ್ಲ. "ಆಟ ಮುಗೀತು, ಎದ್ದು ಬಾ" ಎಂದು ನಾನು ಬರೆದಿದ್ದೆ.

ನಿನ್ನೆ ನಾನು ನಡುವೆ ಇಟ್ಟದ್ದು ಬರೀ ಸ್ಟೀಲ್ ಲೋಟ. ಹೊಸದಾಗಿ ಸೇರಿದ ಹುಡುಗಿ ಎದ್ದು ನಿಂತು ತನ್ನ ಮೊದಲ ಸಾಲು ಓದಿದಳು:

"ಹೂವಿನ ಹೊಲದಿಂದ ಎದ್ದು ಬಂದೆ. ನನ್ನನ್ನು ಕರೆದವರು ಯಾರು?"